ಪಹಣಿ ಯಾರ ಹೆಸರಲ್ಲಿದೆ? ಹೊರದೇಶದ ಡೊಮೇನ್ ತೆಗೆದುಕೊಳ್ಳುವ ಮೊದಲು

ಪ್ರಶ್ನೆ: ಸರ್, ನಾನು ತಿಪಟೂರಿನವಳು. ಅಪ್ಪನದು ಕೊಬ್ಬರಿ ವ್ಯಾಪಾರ. ಐದು ವರ್ಷದಿಂದ ನಾನು ಗಾಣದ ಕೊಬ್ಬರಿ ಎಣ್ಣೆ, ಕರಟದ ಬಟ್ಟಲು, ಸೌಟು ಮಾಡಿಸಿ ಹೊರದೇಶಕ್ಕೆ ಕಳಿಸುತ್ತಿದ್ದೇನೆ. ಅಮೆರಿಕದ ಎರಡು ಅಂಗಡಿಯವರು ಮೂರು ತಿಂಗಳಿಗೊಮ್ಮೆ ಮಾಲು ತರಿಸಿಕೊಳ್ಳುತ್ತಾರೆ. ಜರ್ಮನಿಯ ಒಬ್ಬರು ಈಗ ಶುರು ಮಾಡಿದ್ದಾರೆ. ನನ್ನ ವೆಬ್‌ಸೈಟಿನ ಡೊಮೇನ್, ಅಂದರೆ ವೆಬ್ ವಿಳಾಸ, ಡಾಟ್ ಇನ್‌ನಲ್ಲಿದೆ. ಅದೇ ಹೆಸರಿಗೆ ಅಮೆರಿಕದ ಡಾಟ್ ಯುಎಸ್, ಕೆನಡಾದ ಡಾಟ್ ಸಿಎ, ಆಸ್ಟ್ರೇಲಿಯಾದ ಡಾಟ್ ಎಯು, ಯುರೋಪಿಯನ್ ಒಕ್ಕೂಟದ ಡಾಟ್ ಇಯು ತೆಗೆದುಕೊಳ್ಳೋಣ ಅಂತ ಹೋದರೆ ಎಲ್ಲ ಕಡೆಯೂ ‘ನೀವು ಈ ದೇಶದವರಾ’ ಅಂತ ಕೇಳುತ್ತಿದೆ. ತಂಗಿ ಮತ್ತು ಅವಳ ಗಂಡ ಎಚ್-1ಬಿ ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದಾರೆ. ಅಕ್ಕನ ಮಗ ಕೆನಡಾದಲ್ಲಿ ಓದುತ್ತಿದ್ದಾನೆ. ಚಿಕ್ಕಪ್ಪನ ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಅಲ್ಲಿನ ಸಿಟಿಜನ್ ಆಗಿದ್ದಾನೆ. ಇವರ ಹೆಸರಲ್ಲಿ ತೆಗೆದುಕೊಳ್ಳಬಹುದಾ? ಯುರೋಪಿನಲ್ಲಿ ನಮ್ಮವರು ಯಾರೂ ಇಲ್ಲ. ಒಬ್ಬ ಏಜೆಂಟ್ ‘ವರ್ಷಕ್ಕೆ ಇಷ್ಟು ಕೊಡಿ, ಅಲ್ಲಿನ ಅಡ್ರೆಸ್ ನಾವು ಹಾಕ್ತೀವಿ’ ಅನ್ನುತ್ತಿದ್ದಾನೆ. ನಂಬಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಡಾಟ್ ಯುಎಸ್ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ಸಿಗುವ ದಾರಿ ಇದೆ, ತಂಗಿಯನ್ನು ನಡುವೆ ತರುವುದು ಬೇಡ. ಡಾಟ್ ಸಿಎ ಈಗ ಆಗುವುದಿಲ್ಲ. ಡಾಟ್ ಎಯು ನಿಮ್ಮ ಚಿಕ್ಕಪ್ಪನ ಮಗನಿಗೆ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ಡಾಟ್ ಇಯು ಆಸೆ ಸದ್ಯಕ್ಕೆ ಬಿಡಿ. ಜರ್ಮನಿಯ ಡಾಟ್ ಡಿಇ ಬಗ್ಗೆ ನೀವು ಕೇಳಿಯೇ ಇಲ್ಲ, ಆದರೆ ಅದು ಸಿಗುತ್ತದೆ. ಆ ಏಜೆಂಟಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ವೆಬ್‌ಸೈಟು, ಡೊಮೇನು, ಈಮೇಲು ಅಂತ ಇದೇ ಕೆಲಸ ಮಾಡಿಕೊಂಡಿದ್ದೇನೆ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಜಮೀನಿನ ಕಥೆ ತೆಗೆಯುತ್ತೇನೆ. ನಮ್ಮ ಕಡೆಯವರಿಗೆ ಅದು ಬೇಗ ತಲೆಗೆ ಹೋಗುತ್ತದೆ. 2020ರವರೆಗೆ ನಮ್ಮ ರಾಜ್ಯದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಟೀ ಮಾರುವವರಿಗೂ ಗೊತ್ತಿತ್ತು. ಆಗ ತೋಟದ ಆಸೆ ಇದ್ದ ಪೇಟೆಯವರು ಏನು ಮಾಡುತ್ತಿದ್ದರು? ಊರಲ್ಲಿದ್ದ ದೊಡ್ಡಪ್ಪನ ಹೆಸರಲ್ಲಿ ಬರೆಸುತ್ತಿದ್ದರು. ದುಡ್ಡು ಇವರದು, ಪಹಣಿ ಅವರದು. ದೊಡ್ಡಪ್ಪ ಇರುವ ತನಕ ಎಲ್ಲ ಸರಿ. ಆಮೇಲೆ ದೊಡ್ಡಪ್ಪನ ಮಕ್ಕಳು ‘ಪಹಣಿ ನೋಡಿ’ ಅಂದರೆ ಸುಮ್ನೆ ಎದ್ದು ಬರಬೇಕು.

ದೇಶದ ಡೊಮೇನೂ ಇದೇ ಜಾತಿಯದು. ಡಾಟ್ ಕಾಮ್ ಯಾರ ಊರಿನದೂ ಅಲ್ಲ, ದುಡ್ಡು ಕೊಟ್ಟವರಿಗೆ ಸಿಗುತ್ತದೆ. ಎರಡಕ್ಷರದವು ಹಾಗಲ್ಲ. ಐಎಸ್‌ಒ ಪಟ್ಟಿಯಲ್ಲಿ ಒಂದೊಂದು ದೇಶಕ್ಕೆ ಎರಡಕ್ಷರದ ಕೋಡ್ ಇದೆ, ಬಹುಪಾಲು ಅದನ್ನೇ ಇಂಟರ್ನೆಟ್‌ಗೆ ತಂದರು. ಶುರುವಿನ ದಿನಗಳಲ್ಲಿ ಈ ಲೆಕ್ಕವನ್ನೆಲ್ಲ ನೋಡಿಕೊಂಡವರು ಜಾನ್ ಪೋಸ್ಟೆಲ್ ಅನ್ನುವವರು. 1994ರ ಮಾರ್ಚ್‌ನಲ್ಲಿ ಅವರು ಬರೆದ ಒಂದು ದಾಖಲೆಯ ಪ್ರಕಾರ, ದೇಶದ ಕೋಡ್ ನಡೆಸುವವರು ಆ ದೇಶದ ಜನರ ಪರವಾಗಿ ಅದನ್ನು ಕಾಯುವವರು. ಅವರು ಮಾಲೀಕರಲ್ಲ. ಹೆಸರು ಯಾರಿಗೆ ಕೊಡಬೇಕು ಅನ್ನುವುದನ್ನು ಆಯಾ ದೇಶದವರೇ ತೀರ್ಮಾನಿಸುತ್ತಾರೆ. ಅದಕ್ಕೇ ಒಂದೊಂದು ಕಡೆ ಒಂದೊಂದು ಕಾನೂನು.

ನಮ್ಮದೇ ನೋಡಿ. ಡಾಟ್ ಇನ್ ಹುಟ್ಟಿದ್ದು 1989ರಲ್ಲಿ. ಮೊದಲ ಹದಿನೈದು ವರ್ಷ ಅದನ್ನು ತೆಗೆದುಕೊಳ್ಳುವುದು ರೇಷನ್ ಕಾರ್ಡ್ ಮಾಡಿಸುವುದಕ್ಕಿಂತ ಕಷ್ಟ, ಬಂದಿದ್ದು ಕೆಲವೇ ಸಾವಿರ ಹೆಸರು. 2005ರಲ್ಲಿ ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆ ಬಾಗಿಲು ತೆರೆಯಿತು. ಆವತ್ತಿಂದ ಡಾಟ್ ಇನ್ ತೆಗೆದುಕೊಳ್ಳಲು ಭಾರತದಲ್ಲಿ ಇರಬೇಕು ಅಂತೇನಿಲ್ಲ. ಗುರುತಿನ ದಾಖಲೆ ಕೊಟ್ಟರೆ ಬ್ರೆಜಿಲ್‌ನವರಿಗೂ ಸಿಗುತ್ತದೆ. ಹಾಗಂತ ಡಾಟ್ ಇನ್ ಒಳಗೆ ಬೇಲಿಯೇ ಇಲ್ಲ ಅಂದುಕೊಳ್ಳಬೇಡಿ. ಡಾಟ್ ಗವ್ ಡಾಟ್ ಇನ್ ಸರ್ಕಾರಕ್ಕೆ ಮಾತ್ರ. ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕುಗಳೂ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕು ಅಂತ ಅಕ್ಟೋಬರ್ 31ರ ಗಡುವು ಹಾಕಿತ್ತು, ಆಗ ಪಟ್ಟಣ ಸಹಕಾರ ಬ್ಯಾಂಕಿನವರೂ ಓಡಾಡಿದರು. ನಾನು, ನೀವು ಆ ಹೆಸರು ಕೇಳಿದರೆ ಕೊಡುವುದಿಲ್ಲ. ಸರಿಯಾಗಿಯೇ ಇದೆ, ಅಲ್ವಾ?

ಈಗ ಅಮೆರಿಕ. ಅವರ ನಿಯಮದ ಹೆಸರು ‘ನೆಕ್ಸಸ್’. ನಮ್ಮ ಮಾತಲ್ಲಿ ನಂಟು. ಅಮೆರಿಕದ ಜೊತೆ ನಿಮಗೇನು ನಂಟು ಅಂತ ಅರ್ಜಿಯಲ್ಲೇ ಒಂದು ಕೋಡ್ ಆರಿಸಬೇಕು. ಸಿ11 ಅಂದರೆ ಸಿಟಿಜನ್. ಸಿ12 ಅಂದರೆ ಖಾಯಂ ನಿವಾಸಿ. ಸಿ21 ಅಲ್ಲಿ ನೋಂದಣಿಯಾದ ಸಂಸ್ಥೆಗೆ. ಉಳಿದ ಎರಡು ಹೊರದೇಶದ ಸಂಸ್ಥೆಗಳಿಗೆ: ಅಲ್ಲಿ ನಿಯಮಿತವಾಗಿ ವ್ಯಾಪಾರವೋ ಬೇರೆ ಕಾನೂನುಬದ್ಧ ಚಟುವಟಿಕೆಯೋ ಮಾಡುವವರಿಗೆ ಸಿ31, ಅಲ್ಲಿ ಆಫೀಸು ಅಥವಾ ಆಸ್ತಿ ಇರುವವರಿಗೆ ಸಿ32. ಜನ ಮೊದಲ ಎರಡು ಸಾಲು ಓದಿ ‘ನಮಗಲ್ಲ ಬಿಡು’ ಅಂತ ಎದ್ದುಬಿಡುತ್ತಾರೆ. ಸಿ31ರ ತನಕ ಓದುವುದೇ ಇಲ್ಲ.

ನೀವು ಬರೆದ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿದ್ದು ಅದಕ್ಕೇ. ಎರಡು ಅಂಗಡಿಯವರು ಮೂರು ತಿಂಗಳಿಗೊಮ್ಮೆ ಮಾಲು ತರಿಸಿಕೊಳ್ಳುತ್ತಾರೆ ಅಂದಿರಿ. ಅದು ನಿಯಮಿತ ವ್ಯಾಪಾರ. ವರ್ಷಕ್ಕೊಮ್ಮೆ ಯಾರಿಗೋ ಒಂದು ಪಾರ್ಸೆಲ್ ಕಳಿಸಿದ್ದನ್ನು ತೋರಿಸಿ ಈ ಕೋಡ್ ಹಾಕಿದರೆ ನಾನೇ ಬೇಡ ಅನ್ನುತ್ತಿದ್ದೆ. ನಿಮ್ಮ ಹತ್ತಿರ ಇನ್‌ವಾಯ್ಸ್ ಇದೆ, ಶಿಪ್ಪಿಂಗ್ ಬಿಲ್ ಇದೆ, ಬ್ಯಾಂಕಿಗೆ ಡಾಲರ್ ಬಂದ ದಾಖಲೆ ಇದೆ. ಅರ್ಜಿ ಹಾಕುವಾಗ ಇದನ್ನು ಯಾರೂ ಕೇಳುವುದಿಲ್ಲ, ಕೋಡ್ ಆರಿಸಿ ‘ಇದು ನಿಜ’ ಅಂತ ಒಪ್ಪಿಕೊಂಡರೆ ಸಾಕು. ಮೋಸ ಹೋಗುವುದು ಇಲ್ಲೇ. ಕೇಳಲಿಲ್ಲ ಅಂದ ಮಾತ್ರಕ್ಕೆ ಮುಂದೆ ಕೇಳುವುದಿಲ್ಲ ಅಂತಲ್ಲ. ಅವರು ಆಗಾಗ ಪರಿಶೀಲನೆ ಮಾಡುತ್ತಾರೆ. ನಂಟು ಸುಳ್ಳು ಅಂತ ಹೊರಗಿನವರು ದೂರು ಕೊಡಲು ಬೇರೆಯೇ ವ್ಯವಸ್ಥೆ ಇದೆ. ಗಡುವಿನೊಳಗೆ ದಾಖಲೆ ತೋರಿಸದಿದ್ದರೆ ಹೆಸರು ಹೋಗುತ್ತದೆ. ಹಾಗಾಗಿ ಐದು ವರ್ಷದ ಅಮೆರಿಕದ ಇನ್‌ವಾಯ್ಸ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಇಟ್ಟುಕೊಳ್ಳಿ.

ಅರ್ಜಿ ಸಂಸ್ಥೆಯ ಹೆಸರಲ್ಲಿರಲಿ, ನಿಮ್ಮ ವೈಯಕ್ತಿಕ ಹೆಸರಲ್ಲಿ ಬೇಡ. ಸಿ31 ಇರುವುದು ಸಂಸ್ಥೆಗಳಿಗೆ. ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ, ಆಮದು-ರಫ್ತಿನ ಕೋಡ್ ಆದ ಐಇಸಿಯಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರೆಯಿರಿ. ಸಿ31ರ ಪಕ್ಕ ನಿಮ್ಮ ದೇಶದ ಎರಡಕ್ಷರದ ಕೋಡ್ ಹಾಕಬೇಕು, ಅದು ಐಎನ್. ಉದ್ದೇಶದ ಕೋಡ್ ಅಂತ ಇನ್ನೊಂದಿದೆ, ಲಾಭದ ವ್ಯಾಪಾರಕ್ಕೆ ಪಿ1. ನೇಮ್‌ಸರ್ವರ್‌ಗಳು, ಅಂದರೆ ನಿಮ್ಮ ಹೆಸರು ಹುಡುಕಿದವರಿಗೆ ಸೈಟು ಎಲ್ಲಿದೆ ಅಂತ ದಾರಿ ಹೇಳುವ ಕಂಪ್ಯೂಟರುಗಳು, ಅಮೆರಿಕದಲ್ಲಿರಬೇಕು ಅನ್ನುವ ಷರತ್ತೂ ಇದೆ. ನಿಮ್ಮವು ಎಲ್ಲಿವೆ ಅಂತ ಹೋಸ್ಟಿಂಗ್‌ನವರನ್ನು ಕೇಳಿಕೊಳ್ಳಿ.

ಇನ್ನೊಂದು ವಿಷಯ ಮುಂಚೆಯೇ ಹೇಳಿಬಿಡುತ್ತೇನೆ. ಡಾಟ್ ಯುಎಸ್‌ನಲ್ಲಿ ಹೆಸರು ಮುಚ್ಚಿಡುವ ಪ್ರೈವಸಿ ಸೇವೆ ಬಳಸುವ ಹಾಗಿಲ್ಲ. ವಿಳಾಸ, ಫೋನ್ ನಂಬರ್ ನೋಡಬೇಕೆಂದವರಿಗೆ ಕಾಣುತ್ತದೆ. ಹೆಸರು ತೆಗೆದುಕೊಂಡ ಮೂರನೇ ದಿನಕ್ಕೆ ‘ಮೇಡಂ, ನಿಮ್ಮ ವೆಬ್‌ಸೈಟ್ ಗೂಗಲ್‌ನ ಮೊದಲ ಪೇಜಿಗೆ ತರ್ತೀವಿ’ ಅಂತ ಫೋನು ಶುರುವಾಗುತ್ತದೆ, ನೋಡುತ್ತಿರಿ. ಮನೆ ವಿಳಾಸ ಹಾಕಬೇಡಿ, ಅಂಗಡಿಯದು ಹಾಕಿ. ನಂಬರ್ ಕೂಡ ಬೇರೆಯದೇ ಇರಲಿ.

ತಂಗಿಯ ಹೆಸರಲ್ಲಿ ಯಾಕೆ ಬೇಡ? ಅಮೆರಿಕವೇ ಮುಖ್ಯ ವಾಸಸ್ಥಳ ಆಗಿರುವವರಿಗೂ ಅವಕಾಶ ಇದೆ ಅಂತ ನಿಯಮದಲ್ಲಿದೆ. ಆದರೆ ಅರ್ಜಿಯಲ್ಲಿ ವ್ಯಕ್ತಿಗಳಿಗೆ ಕಾಣುವುದು ಸಿಟಿಜನ್, ಖಾಯಂ ನಿವಾಸಿ ಅನ್ನುವ ಎರಡೇ ಆಯ್ಕೆ. ಎಚ್-1ಬಿಯವರು ಅಲ್ಲಿ ಏನು ಆರಿಸಿದರೂ ಮುಂದೆ ವಿವರಣೆ ಕೊಡುತ್ತಾ ಕೂರಬೇಕು. ಜೊತೆಗೆ ಆ ವೀಸಾದಲ್ಲಿ ಇರುವವರ ಹೆಸರಿಗೆ ನಿಮ್ಮ ವ್ಯಾಪಾರವನ್ನು ಅಂಟಿಸುವುದು ನನಗೆ ಇಷ್ಟವಿಲ್ಲ. ಅವರಿಗೆ ಇರುವ ತಲೆನೋವೇ ಸಾಕು. ನಿಮ್ಮದೇ ದಾರಿ ನೇರವಾಗಿ ಇರುವಾಗ ಸುತ್ತಿ ಬಳಸಿ ಹೋಗುವುದು ಯಾಕೆ?

ಕೆನಡಾದ್ದು ಬೇಗ ಮುಗಿಸುತ್ತೇನೆ. ಅಕ್ಕನ ಮಗ ಸ್ಟಡಿ ಪರ್ಮಿಟ್‌ನಲ್ಲಿದ್ದಾನೆ. ಅವನಿಗೆ ಡಾಟ್ ಸಿಎ ಸಿಗುವುದಿಲ್ಲ. ಸಿಟಿಜನ್ ಆದರೆ ಎಲ್ಲೇ ಇದ್ದರೂ ಸಿಗುತ್ತದೆ. ಪಿಆರ್, ಅಂದರೆ ಖಾಯಂ ನಿವಾಸಿ, ಆದರೆ ಸಾಲದು, ಅಲ್ಲೇ ವಾಸವೂ ಇರಬೇಕು. ವಾಸ ಅಂದರೆ ಹಿಂದಿನ 12 ತಿಂಗಳಲ್ಲಿ 183 ದಿನಕ್ಕಿಂತ ಜಾಸ್ತಿ, ಆಮೇಲೆ ಪ್ರತಿ ವರ್ಷವೂ ಅಷ್ಟೇ. ಪಿಆರ್ ಸಿಕ್ಕಿದ ಖುಷಿಯಲ್ಲಿ ಹೆಸರು ತೆಗೆದುಕೊಂಡು, ಆಮೇಲೆ ಊರಿಗೆ ಬಂದು ವರ್ಷಗಟ್ಟಲೆ ಉಳಿದರೆ ಅರ್ಹತೆ ತಾನಾಗಿ ಜಾರಿಹೋಗುತ್ತದೆ. ಅವರ ಅರ್ಹರ ಪಟ್ಟಿಯಲ್ಲಿ 18 ಬಗೆ ಇದೆ. ಮಜಾ ಏನೆಂದರೆ ಅದರಲ್ಲಿ ಒಂದು ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಮತ್ತು ಅವರ ಉತ್ತರಾಧಿಕಾರಿಗಳು! ರಾಜಮನೆತನದವರೂ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಬೇಕಾದ ಕಡೆ ನಮ್ಮ ಹುಡುಗನಿಗೆ ವಿನಾಯಿತಿ ಎಲ್ಲಿಂದ ಬರಬೇಕು.

ಅಲ್ಲಿ ನಿಮಗೆ ಒಂದೇ ಒಂದು ದಾರಿ ಇದೆ, ಟ್ರೇಡ್‌ಮಾರ್ಕ್. ನಿಮ್ಮ ಬ್ರ್ಯಾಂಡ್ ಹೆಸರು ಕೆನಡಾದಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾದರೆ, ಆ ಪದ ಹಾಗೇ ಇರುವ ಡಾಟ್ ಸಿಎ ಹೆಸರನ್ನು ತಿಪಟೂರಲ್ಲಿ ಕೂತೇ ತೆಗೆದುಕೊಳ್ಳಬಹುದು. ಅರ್ಜಿ ಹಾಕಿದ್ದೇನೆ ಅಂದರೆ ಆಗದು, ನೋಂದಣಿ ಆಗಿರಬೇಕು. ಭಾರತ 2013ರಲ್ಲಿ, ಕೆನಡಾ 2019ರಲ್ಲಿ ಮ್ಯಾಡ್ರಿಡ್ ಒಪ್ಪಂದಕ್ಕೆ ಸೇರಿವೆ. ಹಾಗಾಗಿ ಇಲ್ಲಿನ ಟ್ರೇಡ್‌ಮಾರ್ಕ್ ಆಧಾರದ ಮೇಲೆ ಇಲ್ಲಿಂದಲೇ ಅಲ್ಲಿಗೆ ಅರ್ಜಿ ಹಾಕಬಹುದು. ಖರ್ಚು ಇದೆ, ಕಾಯುವುದೂ ಇದೆ. ಕೆನಡಾಕ್ಕೆ ನೀವು ಇನ್ನೂ ಒಂದು ಬಟ್ಟಲೂ ಕಳಿಸಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಬೇಡ.

ಆಸ್ಟ್ರೇಲಿಯಾಕ್ಕೆ ಬರೋಣ. ಚಿಕ್ಕಪ್ಪನ ಮಗ ಸಿಟಿಜನ್, ಅವನಿಗೆ ಅರ್ಹತೆ ಇದೆ. 2022ರ ಮಾರ್ಚ್ 24ರಿಂದ ನೇರವಾಗಿ ಡಾಟ್ ಎಯು ಹೆಸರೂ ಸಿಗುತ್ತಿದೆ, ಮೊದಲು ಡಾಟ್ ಕಾಮ್ ಡಾಟ್ ಎಯು ಥರದ್ದು ಮಾತ್ರ ಇತ್ತು. ಹಾಗಾದರೆ ಅವನ ಹೆಸರಲ್ಲಿ ತೆಗೆದು, ಅದರಲ್ಲಿ ನಿಮ್ಮ ಅಂಗಡಿ ನಡೆಸಿದರೆ? ನೀವು ಕೇಳಬೇಕೆಂದಿರುವುದು ಇದೇ ಅಂತ ಗೊತ್ತು. ಅಲ್ಲಿನ ನಿಯಮ ಇದನ್ನು ಮೊದಲೇ ಊಹಿಸಿಕೊಂಡಿದೆ. ಅರ್ಹತೆ ಇರುವವರು ಹೆಸರು ತೆಗೆದು, ಅರ್ಹತೆ ಇಲ್ಲದವರಿಗೆ ಬಾಡಿಗೆಗೆ ಬಿಡುವ ಹಾಗಿಲ್ಲ. ಡೊಮೇನ್ ‘ಕೊಂಡೆ’ ಅನ್ನುವುದು ನಮ್ಮ ರೂಢಿ ಮಾತು. ಅವರು ಅದನ್ನು ಲೈಸೆನ್ಸ್ ಅಂತಲೇ ಕರೆಯುತ್ತಾರೆ. ಷರತ್ತು ಮುರಿದರೆ ಲೈಸೆನ್ಸ್ ರದ್ದು.

ಆದರೆ ಚಿಕ್ಕಪ್ಪನ ಮಗ ನಿಜವಾಗಿಯೂ ಅಲ್ಲಿ ನಿಮ್ಮ ಮಾಲು ಮಾರಲು ತಯಾರಿದ್ದರೆ ಲೆಕ್ಕವೇ ಬೇರೆ. ಅವನು ನಿಮ್ಮಿಂದ ಮಾಲು ತರಿಸಿಕೊಂಡು, ತನ್ನ ವ್ಯಾಪಾರದ ನೋಂದಣಿ ಮಾಡಿಸಿ, ತನ್ನ ಡಾಟ್ ಎಯು ಸೈಟಿನಲ್ಲಿ ಮಾರಲಿ. ಆಗ ಹೆಸರು ಅವನದು, ವ್ಯಾಪಾರವೂ ಅವನದು, ಮಾಲು ಮಾತ್ರ ನಿಮ್ಮದು. ನಿಮ್ಮ ಬ್ರ್ಯಾಂಡ್ ಹೆಸರನ್ನು ಎಲ್ಲಿವರೆಗೆ ಬಳಸಬಹುದು ಅಂತ ಒಂದು ಕಾಗದ ಮಾಡಿಕೊಳ್ಳಿ. ಮನೆಯವರ ನಡುವೆ ಕಾಗದ ಏನು ಅಂತ ಚಿಕ್ಕಪ್ಪ ಬೇಜಾರು ಮಾಡಿಕೊಂಡಾರು. ಮಾಡಿಕೊಳ್ಳಲಿ, ಕಾಗದ ಮಾಡಿಸಿ.

ಯುರೋಪಿನ ವಿಷಯಕ್ಕೆ ಬಂದರೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನಲ್ಲಿ ಶಿವಾರಪಟ್ಟಣ ಇದೆಯಲ್ಲ, ಕಲ್ಲಿನ ವಿಗ್ರಹ ಕೆತ್ತುವವರ ಊರು. ಅಲ್ಲಿನ ಒಬ್ಬ ಶಿಲ್ಪಿಗೆ 2014ರಲ್ಲಿ ನಾನು ಸೈಟು ಮಾಡಿಕೊಟ್ಟೆ. ಯುರೋಪಿನ ದೇವಸ್ಥಾನಗಳಿಂದ ವಿಚಾರಣೆ ಬರುತ್ತಿತ್ತು, ಡಾಟ್ ಇಯು ಇದ್ದರೆ ಚೆನ್ನ ಅಂದರು. ಅವರ ಭಾವಮೈದ ಲಂಡನ್‌ನಲ್ಲಿದ್ದರು, ಬ್ರಿಟಿಷ್ ಪೌರರು. ಆಗ ಬ್ರಿಟನ್ ಇನ್ನೂ ಯುರೋಪಿಯನ್ ಒಕ್ಕೂಟದೊಳಗೇ ಇತ್ತು. ಅವರ ಹೆಸರು, ಅವರ ವಿಳಾಸ, ಅವರ ಈಮೇಲ್ ಹಾಕಿ ಹೆಸರು ತೆಗೆದೆ. ಆ ದಿನಕ್ಕೆ ಅದು ಪೂರ್ತಿ ಕಾನೂನುಬದ್ಧ. ಶಿಲ್ಪಿ ಖುಷಿಯಾಗಿ ಎರಡು ಸಾವಿರ ವಿಸಿಟಿಂಗ್ ಕಾರ್ಡ್ ಹಾಕಿಸಿದರು.

2016ರಲ್ಲಿ ಬ್ರಿಟನ್ನಿನವರು ಒಕ್ಕೂಟ ಬಿಡುತ್ತೇವೆ ಅಂತ ಮತ ಹಾಕಿದಾಗ ಟಿವಿಯಲ್ಲಿ ನೋಡಿದೆ. ಶಿವಾರಪಟ್ಟಣ ನೆನಪಿಗೇ ಬರಲಿಲ್ಲ. ಡಾಟ್ ಇಯು ನಡೆಸುವ ಯೂರಿಡ್ ಸಂಸ್ಥೆ ಬ್ರಿಟನ್ ವಿಳಾಸದವರಿಗೆಲ್ಲ ಮುಂಚಿತವಾಗಿ ಈಮೇಲ್ ಕಳಿಸಿತ್ತು. ಅದು ಹೋಗಿದ್ದು ಭಾವಮೈದನ ಹಳೇ ಮೇಲ್‌ಬಾಕ್ಸಿಗೆ, ಅವರು ಅದನ್ನು ತೆರೆದು ವರ್ಷಗಳೇ ಆಗಿದ್ದವು. 2021ರ ಜನವರಿ 1ಕ್ಕೆ ಅರ್ಹತೆ ಮುಗಿಯಿತು, ಹೆಸರು ನಿಂತಿತು. ಸೈಟು ಮಾತ್ರ ಅಲ್ಲ, ಆ ಹೆಸರಿನ ಈಮೇಲೂ ನಿಂತಿತು. ‘ಈ ಸಲ ಯಾಕೋ ಆರ್ಡರೇ ಬರ್ತಿಲ್ಲ, ಕೊರೋನಾ ಇರಬೇಕು’ ಅಂತ ಶಿಲ್ಪಿ ಎರಡು ತಿಂಗಳು ಸುಮ್ಮನಿದ್ದರು. ಒಂದು ದೇವಸ್ಥಾನದವರು ಗಣಪತಿ ವಿಗ್ರಹಕ್ಕೆ ಬರೆದ ಮೇಲ್ ಅಷ್ಟರಲ್ಲಿ ವಾಪಸ್ ಹೋಗಿತ್ತು, ಅವರು ಬೇರೆ ಕಡೆ ಮಾಡಿಸಿಕೊಂಡಿದ್ದರು.

ನೋಂದಣಿಯಲ್ಲಿ ನನ್ನ ಈಮೇಲನ್ನೂ ಒಂದು ಕಡೆ ಹಾಕಿದ್ದರೆ ಮೂರು ತಿಂಗಳು ಮುಂಚೆ ಗೊತ್ತಾಗುತ್ತಿತ್ತು. ಹಾಕಿರಲಿಲ್ಲ. ಆ ಹೊಣೆ ನನ್ನದೇ. ಈಗಲೂ ಅವರ ಶೆಡ್ಡಿಗೆ ಹೋದರೆ, ಮಗ ಹಳೇ ವಿಸಿಟಿಂಗ್ ಕಾರ್ಡಿನ ಹಿಂಭಾಗದಲ್ಲಿ ಕಲ್ಲಿನ ಅಳತೆ ಬರೆದುಕೊಳ್ಳುತ್ತಿರುತ್ತಾನೆ. ನನಗೆ ಕಾಣಲಿ ಅಂತಲೇ ಬರೆಯುತ್ತಾನೋ ಏನೋ.

ಇಲ್ಲಿ ಗಮನಿಸಿ, ಯಾರೂ ಮೋಸ ಮಾಡಿರಲಿಲ್ಲ. ದುಡ್ಡು ಕಟ್ಟಿತ್ತು, ವಿಳಾಸ ನಿಜ, ಮನುಷ್ಯ ನಿಜ. ಆದರೆ ಅರ್ಹತೆ ಅನ್ನುವುದು ಹೆಸರು ತೆಗೆದ ದಿನಕ್ಕೆ ಮಾತ್ರ ಅಲ್ಲ, ಹೆಸರು ಇರುವ ತನಕವೂ ಇರಬೇಕು. ಬೇರೆಯವರ ಅರ್ಹತೆ ಮೇಲೆ ಕೂತರೆ, ಅದು ಯಾವಾಗ ಹೋಯಿತು ಅಂತ ನಮಗೆ ಕೊನೆಗೇ ಗೊತ್ತಾಗುವುದು.

ಈಗ ಡಾಟ್ ಇಯು ಯಾರಿಗೆ ಸಿಗುತ್ತದೆ? ಒಕ್ಕೂಟದ ದೇಶಗಳಲ್ಲಿ ವಾಸ ಇರುವವರಿಗೆ, ಅಲ್ಲಿ ನೆಲೆಯಿರುವ ಸಂಸ್ಥೆಗಳಿಗೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ದೇಶದವರಿಗೂ ಸಿಗುತ್ತದೆ. 2019ರ ಅಕ್ಟೋಬರ್‌ನಿಂದ ಒಕ್ಕೂಟದ ಪೌರರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಸಿಗುತ್ತದೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡ ಗೋವಾದವರೊಬ್ಬರು ಕೋಲಾರದಲ್ಲಿ ಕೂತು ಡಾಟ್ ಇಯು ತೆಗೆದುಕೊಳ್ಳಬಹುದು, ನಾನೂ ನೀವೂ ಆಗುವುದಿಲ್ಲ. ಕೆನಡಾದ ಹಾಗೆ ಟ್ರೇಡ್‌ಮಾರ್ಕ್ ದಾರಿ ಇಲ್ಲಿಲ್ಲ. ಎಸ್ಟೋನಿಯಾದ ಇ-ರೆಸಿಡೆನ್ಸಿ ಬಗ್ಗೆ ಯೂಟ್ಯೂಬ್‌ನಲ್ಲಿ ನೋಡಿರಬಹುದು, 2014ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಹೆಸರಲ್ಲಿ ರೆಸಿಡೆನ್ಸಿ ಇದೆ ಅಷ್ಟೇ, ಅದು ವಾಸದ ಹಕ್ಕಲ್ಲ. ಆ ಕಾರ್ಡ್ ಒಂದರಿಂದ ಡಾಟ್ ಇಯು ಸಿಗುವುದಿಲ್ಲ. ಅದನ್ನು ಬಳಸಿ ಅಲ್ಲಿ ಕಂಪನಿ ತೆರೆದರೆ, ಆ ಕಂಪನಿಗೆ ಸಿಗುತ್ತದೆ. ಒಂದು ಹೆಸರಿಗೋಸ್ಕರ ಹೊರದೇಶದ ಕಂಪನಿ, ಅದರ ಲೆಕ್ಕಪತ್ರ, ಅಲ್ಲಿನ ಅಕೌಂಟೆಂಟ್... ಮೂಗಿಗಿಂತ ಮೂಗುತಿ ಭಾರ.

ಇನ್ನು ಏಜೆಂಟ್. ಇವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಸ್ಥಳೀಯ ಪ್ರತಿನಿಧಿಯನ್ನು ಇಟ್ಟುಕೊಳ್ಳಿ ಅಂತ ನಿಯಮವೇ ಹೇಳುವ ದೇಶಗಳಿವೆ. ಸಿಂಗಪುರದ ಡಾಟ್ ಎಸ್‌ಜಿ ನೋಡಿ. ಹೊರಗಿನವರು ಹೆಸರು ತೆಗೆದುಕೊಳ್ಳಬಹುದು, ಆದರೆ ಅಲ್ಲಿನ ವಿಳಾಸ ಇರುವ ಒಬ್ಬರು ಆಡಳಿತ ಸಂಪರ್ಕಕ್ಕೆ ಬೇಕು. ಅಲ್ಲಿ ದುಡ್ಡು ಕೊಟ್ಟು ಪ್ರತಿನಿಧಿ ಸೇವೆ ಪಡೆಯುವುದರಲ್ಲಿ ತಪ್ಪೇನಿಲ್ಲ. ಹೆಸರಿನ ಹಕ್ಕುದಾರರು ನೀವೇ ಆಗಿರುತ್ತೀರಿ, ಆತ ಬಾಗಿಲಲ್ಲಿ ಕೂತ ಗುಮಾಸ್ತ ಅಷ್ಟೇ.

ಡಾಟ್ ಇಯು ಹಾಗಲ್ಲ. ಹಕ್ಕುದಾರರೇ ಅರ್ಹರಾಗಿರಬೇಕು. ಹಾಗಾದರೆ ಏಜೆಂಟ್ ಕೊಡುವ ‘ಅಡ್ರೆಸ್’ ಏನು? ಹೆಸರು ಅವನ ಕಂಪನಿಯದ್ದಾಗಿ ನೋಂದಣಿಯಾಗುತ್ತದೆ, ನಿಮಗೆ ಬಳಸಲು ಬಿಡುತ್ತಾನೆ. ದೊಡ್ಡಪ್ಪನ ಹೆಸರಲ್ಲಿ ತೋಟ ಬರೆಸಿದ ಹಾಗೆ. ಅದೂ ಸ್ವಂತ ದೊಡ್ಡಪ್ಪ ಅಲ್ಲ, ಮುಖ ನೋಡದ ದೊಡ್ಡಪ್ಪ. ಅವನು ಕಂಪನಿ ಮುಚ್ಚಿದರೆ, ಬಾಡಿಗೆ ದುಪ್ಪಟ್ಟು ಮಾಡಿದರೆ, ಜಗಳವಾಗಿ ನಿಮ್ಮ ಗಿರಾಕಿಗಳ ಈಮೇಲ್ ತನ್ನ ಕಡೆ ತಿರುಗಿಸಿಕೊಂಡರೆ ನೀವು ಯಾರ ಹತ್ತಿರ ಹೋಗುತ್ತೀರಿ?

ಅವನಿಗೆ ಒಂದೇ ಪ್ರಶ್ನೆ ಕೇಳಿ: ‘ರಿಜಿಸ್ಟ್ರೆಂಟ್, ಅಂದರೆ ಹಕ್ಕುದಾರರು ಅನ್ನುವ ಜಾಗದಲ್ಲಿ ಯಾರ ಹೆಸರು ಬರುತ್ತದೆ?’ ‘ನಿಮ್ಮದೇ ಮೇಡಂ, ಅಡ್ರೆಸ್ ಮಾತ್ರ ನಮ್ಮದು’ ಅಂದರೆ ಅದು ಸುಳ್ಳು ವಿಳಾಸ, ಪರಿಶೀಲನೆಗೆ ಬಂದ ದಿನ ಬಿದ್ದುಹೋಗುತ್ತದೆ. ‘ನಮ್ಮದು’ ಅಂದರೆ ನೀವು ಬಾಡಿಗೆದಾರರು. ‘ಅದೆಲ್ಲ ನಾವು ನೋಡ್ಕೋತೀವಿ’ ಅಂದರೆ ಫೋನ್ ಇಡಿ. ನನ್ನ ಅನುಭವದಲ್ಲಿ ಮೂರನೇ ಉತ್ತರ ಕೊಡುವವರೇ ಜಾಸ್ತಿ.

ಡಾಟ್ ಡಿಇ ಬಗ್ಗೆ ಹೇಳಿದೆನಲ್ಲ. ಜರ್ಮನಿ ಅಂದರೆ ಎಲ್ಲದಕ್ಕೂ ಬಿಗಿ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅವರ ಡೊಮೇನ್ ಬಾಗಿಲು ತೆರೆದೇ ಇದೆ. ಅದನ್ನು ನಡೆಸುವ ಡೆನಿಕ್ ಸಂಸ್ಥೆ ‘ಜರ್ಮನಿಯಲ್ಲಿ ಇದ್ದೀರಾ’ ಅಂತ ಕೇಳುವುದಿಲ್ಲ. ಕೋರ್ಟು ಕಾಗದ ಕಳಿಸಬೇಕಾಗಿ ಬಂದು ಅವರು ಕೇಳಿದರೆ ಮಾತ್ರ, ಅಲ್ಲಿ ಅದನ್ನು ತೆಗೆದುಕೊಳ್ಳುವ ಒಬ್ಬರನ್ನು ಎರಡು ವಾರದೊಳಗೆ ಹೆಸರಿಸಬೇಕು. ನಿಮ್ಮ ಯುರೋಪಿನ ಗಿರಾಕಿ ಇರುವುದು ಜರ್ಮನಿಯಲ್ಲೇ. ಡಾಟ್ ಇಯುಗೆ ತಲೆ ಚಚ್ಚಿಕೊಳ್ಳುವ ಬದಲು ನಿಮ್ಮ ಸಂಸ್ಥೆಯ ಹೆಸರಲ್ಲೇ ಡಾಟ್ ಡಿಇ ತೆಗೆದುಕೊಳ್ಳಿ. ಫ್ರಾನ್ಸಿನ ಡಾಟ್ ಎಫ್‌ಆರ್ ಮಾತ್ರ ಹಾಗಲ್ಲ, ಅದಕ್ಕೂ ಯುರೋಪಿನ ವಿಳಾಸ ಬೇಕು.

ಡಾಟ್ ಎಐ, ಡಾಟ್ ಐಒ, ಡಾಟ್ ಕೋ, ಡಾಟ್ ಟಿವಿ ಕೂಡ ದೇಶದ ಕೋಡುಗಳೇ. ಅಂಗ್ವಿಲ್ಲಾ, ಬ್ರಿಟಿಷ್ ಹಿಂದೂ ಮಹಾಸಾಗರ ಪ್ರಾಂತ್ಯ, ಕೊಲಂಬಿಯಾ, ಟುವಾಲು ಅಂತ ಅವುಗಳ ಊರು. ಅವರು ವಾಸದ ಷರತ್ತು ಇಡದೆ ಪ್ರಪಂಚಕ್ಕೆಲ್ಲ ಮಾರುತ್ತಾರೆ. ಕೊಬ್ಬರಿ ಎಣ್ಣೆಗೆ ಡಾಟ್ ಎಐ ಬೇಡ, ಯಾರಾದರೂ ಹೇಳಿದರೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಡಾಟ್ ಇನ್ ಹಾಗೇ ಇರಲಿ, ಅದೇ ಹೆಸರಿನ ಡಾಟ್ ಕಾಮ್ ಖಾಲಿ ಇದ್ದರೆ ಇವತ್ತೇ ತೆಗೆದಿಡಿ. ನಿಮ್ಮ ಗಿರಾಕಿಗಳ ಈಮೇಲ್ ಯಾವಾಗಲೂ ಈ ಎರಡರಲ್ಲೇ ಇರಲಿ, ಯಾಕೆಂದರೆ ಇವುಗಳನ್ನು ‘ನೀವು ಈ ದೇಶದವರಲ್ಲ’ ಅಂತ ಯಾರೂ ಕಿತ್ತುಕೊಳ್ಳುವುದಿಲ್ಲ. ಡಾಟ್ ಯುಎಸ್, ಡಾಟ್ ಡಿಇ ತೆಗೆದು ಆಯಾ ದೇಶದ ಬೆಲೆ, ಸಾಗಣೆ ವಿವರ ಇರುವ ಪುಟಕ್ಕೆ ತಿರುಗಿಸಿ. ಮುಂದೆ ಯಾವತ್ತೋ ಅರ್ಹತೆಯ ಪ್ರಶ್ನೆ ಬಂದು ಆ ಹೆಸರು ಹೋದರೂ ಅಂಗಡಿ ನಡೆಯುತ್ತಿರುತ್ತದೆ. ಕೆನಡಾ, ಆಸ್ಟ್ರೇಲಿಯಾದವರಿಗೆ ಡಾಟ್ ಕಾಮ್ ಒಳಗೇ ಒಂದೊಂದು ಪುಟ ಸಾಕು.

ಖಾತೆಯ ವಿಷಯದಲ್ಲಿ ಒಂದು ಮಾತು. ಡೊಮೇನ್ ಖಾತೆಯ ಲಾಗಿನ್ ನಿಮ್ಮ ಹತ್ತಿರವೇ ಇರಬೇಕು, ಸೈಟು ಮಾಡಿಕೊಟ್ಟವರ ಹತ್ತಿರ ಅಲ್ಲ. ನನ್ನಂಥವರ ಹತ್ತಿರವೂ ಅಲ್ಲ. ಖಾತೆಯ ಈಮೇಲ್ ಅದೇ ಡೊಮೇನಿನದ್ದಾಗಿರಬಾರದು, ಹೆಸರು ನಿಂತ ದಿನ ನೋಟಿಸೂ ಬರದೇ ಹೋಗುತ್ತದೆ. ಒಂದು ಜಿಮೇಲ್ ಇದಕ್ಕೆಂದೇ ಇಟ್ಟು, ಅಪ್ಪನ ಫೋನಿನಲ್ಲೂ ಅದನ್ನು ತೆರೆದಿಡಿ.

ಅಂದ ಹಾಗೆ ಪತ್ರದ ಕೊನೆಯಲ್ಲಿ, ಹೊಸ ಡಬ್ಬಗಳ ಮೇಲೆ ಈ ನಾಲ್ಕೂ ವೆಬ್ ವಿಳಾಸ ಅಚ್ಚು ಹಾಕಿಸಲು ಪ್ರೆಸ್ಸಿಗೆ ಕೊಟ್ಟಿದ್ದೇನೆ ಅಂತ ಸಣ್ಣದಾಗಿ ಬರೆದಿದ್ದೀರಿ. ಇದನ್ನು ಓದಿದ ತಕ್ಷಣ ಪ್ರೆಸ್ಸಿನವರಿಗೆ ಫೋನ್ ಮಾಡಿ ನಿಲ್ಲಿಸಿ. ಡಾಟ್ ಕಾಮ್ ಒಂದನ್ನೇ ಹಾಕಿಸಿ, ಅದೂ ಹೆಸರು ಕೈಗೆ ಬಂದ ಮೇಲೆ.